ಒನ್ಸ್ ಮೋರ್‌ಗೂ ಮುಂಚೆ ಎದ್ದು ಬಂದೆ. ವಯಸ್ಸಾಯ್ತಾ?

ಹನ್ನೊಂದನೇ ಸಾಲು:

ಮೊನ್ನೆ ಶನಿವಾರ ರಾತ್ರಿ ಒಂದು ಕೆಲಸ ಮಾಡಿದೆ. ತಪ್ಪೋ ಸರಿಯೋ ಗೊತ್ತಾಗುತ್ತಿಲ್ಲ. ಹೆಂಡತಿಗೆ ಹೇಳಿದರೆ ನಕ್ಕಳು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನನಗೀಗ 46. ಹತ್ತೊಂಬತ್ತನೇ ವಯಸ್ಸಿನಿಂದ ಒಂದೇ ಬ್ಯಾಂಡಿನ ಹುಚ್ಚು. ಹೆಸರು ಬೇಡ, ಹೇಳಿದರೆ ಚರ್ಚೆ ಆ ಕಡೆ ಹೊರಟುಬಿಡುತ್ತದೆ. ಮೊದಲನೇ ಶೋಗೆ ಬೆಳಿಗ್ಗೆ ಎಂಟಕ್ಕೇ ಹೋಗಿ ಗೇಟಿನ ಮುಂದೆ ಕೂತಿದ್ದೆ. ಶೋ ಇದ್ದದ್ದು ರಾತ್ರಿ ಎಂಟಕ್ಕೆ. ಡ್ರಮ್ಮರ್ ಕೊನೆಯಲ್ಲಿ ಎಸೆದ ಕಡ್ಡಿಗೆ ಕೈ ಹಾಕಿ, ಇನ್ನೊಬ್ಬನ ಜೊತೆ ಎಳೆದಾಡಿ, ಅರ್ಧ ಕಡ್ಡಿ ಮನೆಗೆ ತಂದಿದ್ದೆ. ಅದು ಈಗಲೂ ಬೀರುವಿನಲ್ಲಿದೆ.

ಮೊನ್ನೆಯದು ಏಳನೇ ಶೋ. ಈ ಸಲ ಕೂರುವ ಟಿಕೆಟ್ ತಗೊಂಡೆ, ಹನ್ನೊಂದನೇ ಸಾಲು. ಚೆನ್ನಾಗಿಯೇ ಇತ್ತು. ಕೊನೆಯ ಹಾಡು ಮುಗಿಸಿ ಅವರು ಒಳಗೆ ಹೋದರು. ಎರಡು ನಿಮಿಷ ಕೂಗಿದರೆ ಮತ್ತೆ ಬರುತ್ತಾರೆ ಅಂತ ಎಲ್ಲರಿಗೂ ಗೊತ್ತು. ಗಿಟಾರಿನ ಸದ್ದು ಹೆಚ್ಚಿಸುವ ಆಂಪ್‌ನ ಕೆಂಪು ದೀಪ ಉರಿಯುತ್ತಲೇ ಇತ್ತು. ಅಂದರೆ ನಾಟಕ ಇನ್ನೂ ಇದೆ ಅಂತ ಅರ್ಥ. ಜನ ಒನ್ಸ್ ಮೋರ್ ಅಂತ ಕಾಲು ಬಡಿಯುತ್ತಿದ್ದರು. ನಾನು ಜಾಕೆಟ್ ತಗೊಂಡು, ಪಕ್ಕದವರ ಮಂಡಿ ದಾಟಿಕೊಂಡು, ಎದ್ದು ಬಂದೆ.

ಕಾರು ತೆಗೆಯುವಾಗ ಒಳಗೆ ಹಾಡು ಶುರುವಾಯಿತು. ಗೋಡೆ ದಾಟಿ ಬರೀ ಬೇಸ್ ಗಿಟಾರ್ ಮತ್ತು ಡ್ರಮ್ಮಿನ ಗುಮ್ ಗುಮ್ ಬರುತ್ತಿತ್ತು. ಅಷ್ಟರಲ್ಲೇ ಯಾವ ಹಾಡು ಅಂತ ಗೊತ್ತಾಯಿತು. ಇಪ್ಪತ್ತೇಳು ವರ್ಷ ನನ್ನದು ಅಂದುಕೊಂಡಿದ್ದ ಹಾಡು. ಒಂದು ಕ್ಷಣ ಸ್ಟೀರಿಂಗ್ ಮೇಲೆ ಕೈ ಇಟ್ಟುಕೊಂಡು ಕೂತೆ. ಆಮೇಲೆ ಗೇರ್ ಹಾಕಿ ಹೊರಟೆ.

ಬೇಜಾರಾಗಲಿಲ್ಲ. ಬೇಜಾರಾಗಲಿಲ್ಲವಲ್ಲ ಅನ್ನೋದೇ ಈಗ ಬೇಜಾರು. ನಿಮಗೂ ಹೀಗೆ ಆಗಿದೆಯಾ? ಇದು ಕಾಲು ಸೋತದ್ದಾ, ಇಲ್ಲ ಪ್ರೀತಿ ಸೋತದ್ದಾ?

ಗುಂಯ್‌ಕಿವಿ:

ಸರ್, ಮೊದಲು ನಿಮಗೊಂದು ಸಲಾಂ. ಎಲ್ಲರಿಗಿಂತ ಮುಂಚೆ ಗೇಟು ದಾಟುವುದು ದೊಡ್ಡ ವಿದ್ಯೆ. ನನಗೆ 52. ಈಗ ನಾನು ಹೋದ ತಕ್ಷಣ ನೋಡುವುದು ಸ್ಟೇಜನ್ನಲ್ಲ, ಹೊರಗೆ ಹೋಗುವ ದಾರಿಯನ್ನು. ಆಮೇಲೆ ಶೌಚಾಲಯ. ಮೂರನೆಯದು ಸ್ಟೇಜು.

ತಮಾಷೆ ಬಿಡಿ. ಪ್ರೀತಿ ಸೋಲುವ ಮುಂಚೆ ಸೋಲುವುದು ಕಿವಿ. ನನ್ನ ಹೆಸರು ನೋಡಿದರೇ ಗೊತ್ತಾಗುತ್ತದೆ. 24ನೇ ವಯಸ್ಸಿನಲ್ಲಿ ಒಂದು ಶೋನಲ್ಲಿ ಸ್ಪೀಕರ್ ಗೋಪುರದ ಪಕ್ಕವೇ ನಿಂತಿದ್ದೆ. ಶರ್ಟು ಗಾಳಿಗೆ ಅಲ್ಲ, ಸದ್ದಿಗೆ ಅಲುಗಾಡುತ್ತಿತ್ತು. ಅದೇ ಮಜಾ ಅನಿಸಿತ್ತು. ಮೂರು ದಿನ ಕಿವಿಯಲ್ಲಿ ಗುಂಯ್ ಅಂದಿತು. ನಾಲ್ಕನೇ ದಿನ ನಿಂತಿತು. ಸರಿಹೋಯಿತು ಅಂದುಕೊಂಡೆ. ಹಾಗೆ ಹತ್ತು ಹನ್ನೆರಡು ಸಲ ಸರಿಹೋಯಿತು. 41ರಲ್ಲಿ ಒಂದು ಸಲ ಶುರುವಾಗಿದ್ದು ನಿಲ್ಲಲೇ ಇಲ್ಲ. ಈಗ ಇದನ್ನು ಬರೆಯುವಾಗಲೂ ಇದೆ. ಹಳೇ ಟಿವಿ ಆನ್ ಮಾಡಿದಾಗ ಬರುತ್ತಿತ್ತಲ್ಲ ಒಂದು ಸಣ್ಣ ಕೀಂ ಸದ್ದು, ಅಂಥದ್ದು.

ಲೆಕ್ಕ ಗೊತ್ತಿದ್ದಿದ್ದರೆ ಅಲ್ಲಿ ನಿಲ್ಲುತ್ತಿರಲಿಲ್ಲ. ಅಮೆರಿಕದಲ್ಲಿ ಕೆಲಸಗಾರರ ಆರೋಗ್ಯ ನೋಡಿಕೊಳ್ಳುವ ನಯೋಷ್ ಸಂಸ್ಥೆಯ ಪ್ರಕಾರ 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು. ಅಲ್ಲಿಂದ ಮೇಲೆ ಪ್ರತಿ 3 ಡೆಸಿಬಲ್‌ಗೂ ಸಮಯ ಅರ್ಧ ಆಗುತ್ತದೆ. 88ಕ್ಕೆ 4 ಗಂಟೆ. 91ಕ್ಕೆ 2. 94ಕ್ಕೆ 1. ಹೀಗೇ ಹೋದರೆ 100 ಡೆಸಿಬಲ್‌ಗೆ ಸಿಗುವುದು 15 ನಿಮಿಷ. ಜೋರು ಶೋಗಳು 100ರ ಆಸುಪಾಸಿನಲ್ಲೇ ಇರುತ್ತವೆ. ಅಂದರೆ ಮೂರನೇ ಹಾಡು ಮುಗಿಯುವಷ್ಟರಲ್ಲಿ ದಿನದ ಪಡಿತರ ಖಾಲಿ.

ಒಳಕಿವಿಯಲ್ಲಿ ಸದ್ದು ಹಿಡಿಯುವ ಸಣ್ಣ ಕೂದಲಿನಂಥ ಕೋಶಗಳು ಇರುತ್ತವೆ, ಒಂದು ಕಿವಿಗೆ ಸುಮಾರು 15,000. ಹುಟ್ಟುವಾಗ ಎಷ್ಟೋ ಅಷ್ಟೇ. ಸತ್ತರೆ ಮತ್ತೆ ಬೆಳೆಯುವುದಿಲ್ಲ. ಕೋಳಿಗೆ ಮತ್ತೆ ಬೆಳೆಯುತ್ತವಂತೆ, ನಮಗಿಲ್ಲ! ವಯಸ್ಸಾದ ಹಾಗೆ ಮೊದಲು ಹೋಗುವುದು ತಾರಕದ ಸದ್ದು. ಸ, ಶ, ಫ ಥರದ ಅಕ್ಷರಗಳೂ ಅಲ್ಲೇ ಇರುವುದು. ಅದಕ್ಕೇ ಗದ್ದಲದಲ್ಲಿ ಪಕ್ಕದವರು ಮಾತಾಡಿದರೆ ಸದ್ದು ಕೇಳುತ್ತದೆ, ಮಾತು ತಿಳಿಯುವುದಿಲ್ಲ. ನಾನು ಸುಮ್ನೆ ನಕ್ಕು ತಲೆ ಆಡಿಸುತ್ತೇನೆ. ಎಷ್ಟು ಜನ ನನಗೆ ದುಃಖದ ಸುದ್ದಿ ಹೇಳಿ ನಗು ವಾಪಸ್ ತಗೊಂಡು ಹೋಗಿದ್ದಾರೋ.

ರೇಲಿಂಗ್ ರಾಣಿ:

ನನಗೆ 22. ಅಂಕಲ್ ಅನ್ನಲ್ಲ, ಬೇಜಾರು ಮಾಡಿಕೊಳ್ಳುತ್ತೀರಿ. ಸರ್ ಅಂತೀನಿ.

ಸರ್, ಎರಡು ನಿಮಿಷ ನನ್ನ ಕಡೆಯಿಂದಲೂ ನೋಡಿ. ನಾನು ನಿಂತು ನೋಡುವ ಜಾಗದ ಟಿಕೆಟ್ ತಗೊಂಡು, ಆರು ಗಂಟೆ ಕಾದು, ಮುಂದಿನ ಕಂಬಿ ಹಿಡಿದು ನಿಂತಿರುತ್ತೇನೆ. ಹೋದ ತಿಂಗಳು ಹಿಂದಿನಿಂದ ಒಬ್ಬರು ಬೆನ್ನು ತಟ್ಟಿ "ಸ್ವಲ್ಪ ಕುಣಿಯೋದು ನಿಲ್ಲಿಸಮ್ಮಾ, ಕಾಣಿಸ್ತಿಲ್ಲ" ಅಂದರು. ಕುಣಿಯಬಾರದು ಅಂದರೆ ಇಲ್ಲಿಗೆ ಬರುವುದು ಯಾಕೆ? ಇನ್ನೊಬ್ಬರು ಪೂರ್ತಿ ಶೋ ಟ್ಯಾಬ್ಲೆಟ್ ಎತ್ತಿ ಹಿಡಿದು ರೆಕಾರ್ಡ್ ಮಾಡಿದರು. ಫೋನ್ ಅಲ್ಲ, ಟ್ಯಾಬ್ಲೆಟ್! ತಟ್ಟೆಯಷ್ಟು ದೊಡ್ಡದು. ಅವರಿಗೆ ಅರವತ್ತಾದರೂ ಆಗಿತ್ತು. ಆಮೇಲೆ ಪತ್ರಿಕೆಗಳಲ್ಲಿ ಬರೆಯುವುದು ಏನಂತ? "ಈಗಿನ ಹುಡುಗರು ಕಣ್ಣಲ್ಲಿ ನೋಡಲ್ಲ, ಫೋನಲ್ಲಿ ನೋಡುತ್ತಾರೆ" ಅಂತ.

ಮತ್ತೆ, ಈ ಚರ್ಚೆಯಲ್ಲಿ ಎಲ್ಲರೂ ಮುಂದೆ ನಿಲ್ಲುವುದು ಬರೀ ಹುಚ್ಚು, ಹಿಂದೆ ಕೂರುವುದು ಬುದ್ಧಿ ಅನ್ನುವ ಥರ ಮಾತಾಡುತ್ತಿದ್ದೀರಿ. ನಾನು ಮುಂದೆ ನಿಂತಾಗ ಗಾಯಕಿಯ ಕುತ್ತಿಗೆಯ ನರ ಕಾಣುತ್ತದೆ. ಎತ್ತರದ ಸ್ವರಕ್ಕೆ ಹೋಗುವ ಮುಂಚೆ ಅವರು ಒಂದು ಕಾಲು ಸ್ವಲ್ಪ ಹಿಂದೆ ಇಡುತ್ತಾರೆ. ಹನ್ನೊಂದನೇ ಸಾಲಿನಿಂದ ಅದು ಕಾಣುತ್ತಾ?

ಮಿಕ್ಸರ್ ಮನುಷ್ಯ:

ರಾಣಿ ಮೇಡಂ, ನೀವು ಹೇಳಿದ್ದು ನೂರಕ್ಕೆ ನೂರು ನಿಜ. ನೋಡುವುದಕ್ಕೆ ಕಂಬಿಗಿಂತ ಒಳ್ಳೆ ಜಾಗ ಇಲ್ಲ. ಕೇಳುವುದಕ್ಕೆ ಅದಕ್ಕಿಂತ ಕೆಟ್ಟ ಜಾಗವೂ ಇಲ್ಲ. ನಾನು ಇಪ್ಪತ್ತು ವರ್ಷದಿಂದ ಸೌಂಡ್ ಮಾಡುತ್ತಿದ್ದೇನೆ, ಅದಕ್ಕೇ ಈ ಧೈರ್ಯ.

ದೊಡ್ಡ ಸ್ಪೀಕರ್‌ಗಳು ಸ್ಟೇಜಿನ ಎರಡೂ ಪಕ್ಕ ಮೇಲೆ ತೂಗು ಹಾಕಿರುತ್ತವೆ. ಅವುಗಳ ಸದ್ದು ಮುಂದಿನ ಸಾಲಿನ ತಲೆಯ ಮೇಲಿಂದ ಹಾದು ಹೋಗುತ್ತದೆ. ಕಂಬಿ ಹಿಡಿದವರಿಗೆ ಕೇಳುವುದು ಹೆಚ್ಚಾಗಿ ಸ್ಟೇಜಿನ ಮೇಲಿನ ಆಂಪು, ಡ್ರಮ್ಮಿನ ನೇರ ಸದ್ದು, ಜೊತೆಗೆ ಸ್ಟೇಜಿನ ಅಂಚಿನಲ್ಲಿ ಇಟ್ಟ ಪುಟ್ಟ ಸ್ಪೀಕರ್‌ಗಳು. ಗಿಟಾರ್ ಕಡೆ ನಿಂತರೆ ಗಿಟಾರ್ ಜಾಸ್ತಿ, ಹಾಡು ಕಮ್ಮಿ. ನಾವು ಕೂತು ಅಳತೆ ಹೊಂದಿಸುವುದು ಜನರ ನಡುವೆ ಇರುವ ನಮ್ಮ ಮಿಕ್ಸರ್ ಮೇಜಿನ ಹತ್ತಿರ ಕೇಳುವ ಸದ್ದಿಗೆ. ಹಾಗಾಗಿ ಅನುಭವಸ್ಥರು ಬಂದು ಸದ್ದಿಲ್ಲದೆ ನಮ್ಮ ಬೆನ್ನ ಹಿಂದೆ ನಿಲ್ಲುತ್ತಾರೆ. ವಯಸ್ಸು 35 ದಾಟಿದವರು ಒಬ್ಬೊಬ್ಬರೇ ಆ ಜಾಗ ಕಂಡುಕೊಳ್ಳುತ್ತಾರೆ. ಯಾರೂ ಹೇಳಿಕೊಟ್ಟಿರುವುದಿಲ್ಲ.

ಬಯಲಿನ ಶೋನಲ್ಲಿ ತೀರಾ ಹಿಂದೆ ನಿಂತರೆ ಬೇರೆ ತಮಾಷೆ. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ನೀವು 100 ಮೀಟರ್ ಹಿಂದೆ ಇದ್ದರೆ ಡ್ರಮ್ಮರ್ ಕೈ ಬಿದ್ದದ್ದು ಕಂಡ ಮೇಲೆ ಸುಮಾರು 0.3 ಸೆಕೆಂಡ್ ಬಿಟ್ಟು ಸದ್ದು ಬರುತ್ತದೆ. ಕಡ್ಡಿ ಮೇಲೆ ಹೋಗುವಾಗ ಏಟು ಕೇಳುತ್ತದೆ. ಮಧ್ಯದಲ್ಲಿ ಇನ್ನೊಂದು ಸ್ಪೀಕರ್ ಗೋಪುರ ಇದ್ದರೆ ಸ್ಟೇಜಿನಿಂದ ಅದು ಇರುವ ದೂರಕ್ಕೆ ತಕ್ಕಷ್ಟು ತಡ ನಾವು ಅದಕ್ಕೂ ಕೊಡಬೇಕು. ಇಲ್ಲದಿದ್ದರೆ ಒಂದೇ ಏಟು ಎರಡು ಸಲ ಬಡಿದ ಹಾಗೆ ಕೇಳುತ್ತದೆ.

ಇಷ್ಟೆಲ್ಲ ಸೌಕರ್ಯ ಬಂದದ್ದೇ ಆಮೇಲೆ. 1965ರ ಆಗಸ್ಟ್ 15ರಂದು ನ್ಯೂಯಾರ್ಕಿನ ಶೇ ಸ್ಟೇಡಿಯಂನಲ್ಲಿ ಬೀಟಲ್ಸ್ ಹಾಡಿದಾಗ 55,000ಕ್ಕೂ ಹೆಚ್ಚು ಜನ ಇದ್ದರು. ಕಿರುಚಾಟದಲ್ಲಿ ಅವರಿಗೆ ತಮ್ಮ ಹಾಡೇ ಕೇಳುತ್ತಿರಲಿಲ್ಲ. ಆವತ್ತು ಬಂದ ಹುಡುಗಿಯರು ಹಾಡು ಕೇಳಲು ಬಂದಿರಲಿಲ್ಲ ಅಂತ ನಗುವವರಿದ್ದಾರೆ. ನಾನು ನಗುವುದಿಲ್ಲ. ಹಾಡು ಅವರಿಗೆ ಮನೆಯಲ್ಲೇ ಬಾಯಿಪಾಠ ಆಗಿತ್ತು. ಬಂದದ್ದು ಬೇರೆ ಯಾವುದಕ್ಕೋ. ಮರುವರ್ಷ, 1966ರ ಆಗಸ್ಟ್‌ನಲ್ಲಿ, ಆ ಬ್ಯಾಂಡು ಟಿಕೆಟ್ ಶೋಗಳನ್ನೇ ನಿಲ್ಲಿಸಿಬಿಟ್ಟಿತು.

ನಮ್ಮ ಮೇಜಿನಿಂದ ಕಾಣುವ ಇನ್ನೊಂದು ಗುಟ್ಟು ಹೇಳಿಬಿಡುತ್ತೇನೆ. ಹಾಡಿನ ಅತಿ ಎತ್ತರದ ಸಾಲು ಬಂದಾಗ ಗಾಯಕರು ಮೈಕನ್ನು ಜನರ ಕಡೆ ತಿರುಗಿಸುತ್ತಾರೆ ನೋಡಿ. ಜನ ಖುಷಿಯಿಂದ ಹಾಡುತ್ತಾರೆ. ಕೆಲವರು ಪ್ರೀತಿಯಿಂದಲೇ ತಿರುಗಿಸುತ್ತಾರೆ, ಸುಳ್ಳಲ್ಲ. ಆದರೆ ಬಹಳ ಸಲ ಕಾರಣ ಬೇರೆ. ಆ ಸ್ವರ ಈಗ ಅವರಿಗೆ ಎಟುಕುವುದಿಲ್ಲ. 25ರಲ್ಲಿ ರೆಕಾರ್ಡ್ ಮಾಡಿದ ಹಾಡನ್ನು 60ರಲ್ಲಿ ಅದೇ ಶ್ರುತಿಯಲ್ಲಿ ಹಾಡುವುದು ಹುಡುಗಾಟವಲ್ಲ. ಅರ್ಧ ಸ್ವರ, ಒಂದು ಸ್ವರ ಕೆಳಗಿಳಿಸಿ ನುಡಿಸುವುದು ಮಾಮೂಲು. ಅದೂ ಸಾಲದಿದ್ದರೆ ಮೈಕು ತಿರುಗುತ್ತದೆ.

ಹನ್ನೊಂದನೇ ಸಾಲು:

ಅಯ್ಯೋ ಮಿಕ್ಸರ್ ಸರ್. ಮೊನ್ನೆ ಮೈಕ್ ತಿರುಗಿತು. ಅದೂ ಎರಡು ಹಾಡಿನಲ್ಲಿ. ನಾನು ಆಗ ಮನಸ್ಸಿನಲ್ಲಿ ಏನಂದುಕೊಂಡೆ ಗೊತ್ತಾ? "ಟಿಕೆಟ್ ತಗೊಂಡವನು ನಾನು, ಹಾಡಬೇಕಾದವನೂ ನಾನೇನಾ" ಅಂತ. ಬಾಯಿ ಮುಚ್ಚಿಕೊಂಡು ಕೂತಿದ್ದೆ.

ಹತ್ತೊಂಬತ್ತರಲ್ಲಿ ಇದೇ ಮೈಕ್ ತಿರುಗಿದಾಗ ನನಗೆ ಮಾತ್ರ ತಿರುಗಿದೆ ಅನಿಸಿತ್ತು.

ಎರಡನೇ ಇನಿಂಗ್ಸ್:

ನಾನು ಸ್ವಲ್ಪ ಖಾರವಾಗಿ ಬರೆಯುತ್ತೇನೆ, ತಡೆದುಕೊಳ್ಳಿ. ನನಗೆ 58. ಎಡ ಮಂಡಿ ರಿಪೇರಿ ಆಗಿದೆ. ಆದರೂ ವರ್ಷಕ್ಕೆ ಹದಿನೈದು ಶೋಗೆ ಕಮ್ಮಿ ಇಲ್ಲ.

ತಮ್ಮಾ, ನಿನ್ನ ಕಾಯಿಲೆ ವಯಸ್ಸಲ್ಲ. ಏಳನೇ ಸಲ. ಅದೇ ಬ್ಯಾಂಡು, ಅದೇ ಹಾಡು, ಅದೇ ಕೊನೆ. ಅವರು ಒಳಗೆ ಹೋಗಿ ಮತ್ತೆ ಬರುತ್ತಾರೆ ಅಂತ ನಿನಗೆ ಗೊತ್ತು. ಯಾವ ಹಾಡು ಅಂತ ಗೊತ್ತು. ಗೊತ್ತಿರುವುದನ್ನು ನೋಡಲು ಯಾರಾದರೂ ಕಾಯುತ್ತಾರಾ? ಇದಕ್ಕೆ ಕಾಲು, ಪ್ರೀತಿ ಅಂತೆಲ್ಲ ದೊಡ್ಡ ಮಾತು ಬೇಡ.

ಮನಸ್ಸಿನ ಬಗ್ಗೆ ಓದಿದವರು ಒಂದು ಮಾತು ಹೇಳುತ್ತಾರೆ. ವಯಸ್ಸಾದವರಿಗೆ ತಮ್ಮ ಬದುಕಿನ ನೆನಪು ಕೇಳಿದರೆ ಹತ್ತರಿಂದ ಮೂವತ್ತರ ಒಳಗಿನವೇ ರಾಶಿ ರಾಶಿ ಬರುತ್ತವೆ. ಹಾಡಿನ ವಿಷಯದಲ್ಲೂ ಹಾಗೇ. ಹದಿನೈದು ಇಪ್ಪತ್ತರಲ್ಲಿ ಕೇಳಿದ್ದು ಅಂಟಿಕೊಂಡುಬಿಡುತ್ತದೆ. ಮೊದಲ ಪ್ರೀತಿ, ಮೊದಲ ಕೆಲಸ, ಮೊದಲ ಸಲ ಮನೆ ಬಿಟ್ಟದ್ದು, ಎಲ್ಲ ಆಗಲೇ ಆಗುವುದು. ಹಾಡು ಅದರ ಪಕ್ಕದಲ್ಲಿ ನಿಂತಿರುತ್ತದೆ ಅಷ್ಟೇ. ನಾವು ಶೋಗೆ ಹೋಗಿ ಬ್ಯಾಂಡನ್ನು ನೋಡುವುದಿಲ್ಲ. ನಮ್ಮ ಹತ್ತೊಂಬತ್ತನ್ನು ಹುಡುಕುತ್ತೇವೆ. ಅದು ಪ್ರತಿ ಸಲ ಸಿಗುತ್ತದಾ?

ನಾನು 50 ತುಂಬಿದಾಗ ಒಂದು ಶಪಥ ಮಾಡಿದೆ. ನೋಡುವ ಶೋಗಳಲ್ಲಿ ಅರ್ಧ ನನಗೆ ಗೊತ್ತೇ ಇಲ್ಲದವರದ್ದಾಗಿರಬೇಕು. ಸಣ್ಣ ಹಾಲ್. ನೂರು ಜನ, ಇನ್ನೂರು ಜನ. ಕೆಲವು ಶೋ ದರಿದ್ರವಾಗಿರುತ್ತವೆ, ಒಪ್ಪಿದೆ. ಒಬ್ಬ ಹುಡುಗ ನಲವತ್ತು ನಿಮಿಷ ಒಂದೇ ಸ್ವರ ಹಿಡಿದು ನಿಂತಿದ್ದ. ಆದರೆ ಮುಂದೆ ಏನು ಬರುತ್ತದೆ ಅಂತ ಗೊತ್ತಿಲ್ಲದೆ ಕೂರುವ ಆ ಹೊಟ್ಟೆಯೊಳಗಿನ ಕುಳಕುಳ ಇದೆಯಲ್ಲ, ಅದು ಅಲ್ಲಿ ಮಾತ್ರ ಇದೆ.

ಮಗಳ ಜೊತೆಗೂ ಹೋಗುತ್ತೇನೆ. ಅವಳ ಕರಾರು ಎರಡು: ಕುಣಿಯಬಾರದು, "ನಮ್ಮ ಕಾಲದಲ್ಲಿ" ಅನ್ನಬಾರದು. ಎರಡನೆಯದು ಪಾಲಿಸುತ್ತೇನೆ.

ಮೂಕಶ್ರೋತೃ:

ನಾನು ಬೇರೆ ಊರಿನವನ ಥರ ಇಲ್ಲಿ ಬಾಯಿ ಹಾಕುತ್ತಿದ್ದೇನೆ. ನನ್ನದು ಕೂತು ಕೇಳುವ ಸಂಗೀತ. ಕಛೇರಿ, ಸಿಂಫೊನಿ ಇಂಥವು. ನಮ್ಮಲ್ಲಿ ಎಲ್ಲ ತಿರುಗಾಮುರುಗಾ. ಚಿಕ್ಕವನಿದ್ದಾಗ ಹಿಂದಿನ ಸಾಲು, ಕೂದಲು ನೆರೆತ ಹಾಗೆ ಮುಂದಿನ ಸಾಲು.

ಸುಮ್ಮನೆ ಕೂತು ಕೇಳುವುದೇ ದೊಡ್ಡವರ ಲಕ್ಷಣ ಅನ್ನುವುದೂ ಬಹಳ ಹಳೇದೇನಲ್ಲ. 1840ರ ದಶಕದಲ್ಲಿ ಫ್ರಾಂಜ್ ಲಿಸ್ಟ್ ಪಿಯಾನೋ ನುಡಿಸುವಾಗ ಜನ ಎಷ್ಟು ಹುಚ್ಚಾಗುತ್ತಿದ್ದರು ಅಂದರೆ, ಕವಿ ಹೈನೆ 1844ರಲ್ಲಿ ಅದಕ್ಕೆ ಕಾಯಿಲೆಯ ಹೆಸರಿನ ಥರ ಲಿಸ್ಟೊಮೇನಿಯಾ ಅಂತಲೇ ಹೆಸರಿಟ್ಟ. ರಾಣಿಯವರೇ, ನಿಮ್ಮ ಕಂಬಿಯ ಹಿರಿಯರು ಇವರು.

ನನ್ನ ಒಂದು ಅವಮಾನ ಹೇಳುತ್ತೇನೆ. ಹದಿನೇಳರಲ್ಲಿ ಮೊದಲ ಸಲ ಸಿತಾರ್ ಕಛೇರಿಗೆ ಹೋದಾಗ ಕಲಾವಿದರು ಐದು ನಿಮಿಷ ತಂತಿ ಹೊಂದಿಸಿದರು. ನಾನು ಅದೇ ಮೊದಲನೇ ಐಟಂ ಅಂದುಕೊಂಡು ಜೋರಾಗಿ ಚಪ್ಪಾಳೆ ಹೊಡೆದೆ. ಒಬ್ಬನೇ. ಆಮೇಲೆ ಗೊತ್ತಾಯಿತು, ನಾನು ಒಂಟಿಯಲ್ಲ ಅಂತ. 1971ರ ಆಗಸ್ಟ್ 1ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಬಾಂಗ್ಲಾದೇಶಕ್ಕಾಗಿ ನಡೆದ ಕಾರ್ಯಕ್ರಮದಲ್ಲಿ ಇಡೀ ಸಭೆ ಹಾಗೇ ಮಾಡಿತ್ತು. ಪಂಡಿತ್ ರವಿಶಂಕರ್ ಧನ್ಯವಾದ ಹೇಳಿ, ಶ್ರುತಿ ಮಾಡಿದ್ದೇ ಇಷ್ಟು ಇಷ್ಟವಾದರೆ ನುಡಿಸುವುದು ಇನ್ನೂ ಇಷ್ಟವಾಗಲಿ ಅನ್ನುವ ಅರ್ಥದಲ್ಲಿ ನಗುತ್ತಾ ಉತ್ತರ ಕೊಟ್ಟರು.

ಈಗ ನನಗೆ 39. ಹೇಳಿದರೆ ನಗುತ್ತೀರಿ. ಕಛೇರಿಯಲ್ಲಿ ಈಗ ನನಗೆ ಅತಿ ಇಷ್ಟದ ಹೊತ್ತು ಅಂದರೆ ಆ ಶ್ರುತಿ ಮಾಡುವ ಐದು ನಿಮಿಷ. ಇನ್ನೂ ಸರಿಯಾಗಿಲ್ಲ, ಇನ್ನೂ ಸರಿಯಾಗಿಲ್ಲ, ಆಮೇಲೆ ಒಂದು ಕಡೆ ಎರಡು ತಂತಿ ಒಂದೇ ಆಗಿಬಿಡುತ್ತವೆ. ಆಗ ಇಡೀ ಹಾಲ್ ಉಸಿರು ಬಿಟ್ಟ ಹಾಗೆ. ಹದಿನೇಳರ ಹುಡುಗ ತಪ್ಪು ಜಾಗದಲ್ಲಿ ಚಪ್ಪಾಳೆ ಹೊಡೆದನೋ, ಸರಿಯಾದ ಜಾಗದಲ್ಲೇ ಹೊಡೆದನೋ ಈಗ ಅನುಮಾನ.

ರೇಲಿಂಗ್ ರಾಣಿ:

ಶ್ರೋತೃ ಸರ್, ಇದು ಚೆನ್ನಾಗಿದೆ. ಲಿಸ್ಟ್ ಬಗ್ಗೆ ಗೊತ್ತಿರಲಿಲ್ಲ. ಮುಂದಿನ ಸಲ ಬೆನ್ನು ತಟ್ಟಿದವರಿಗೆ ಹೇಳುತ್ತೇನೆ.

ಗುಂಯ್‌ಕಿವಿ ಸರ್, ನಿಮ್ಮ ಲೆಕ್ಕ ಓದಿ ರಾತ್ರಿ ನಿದ್ದೆ ಬರಲಿಲ್ಲ. ಸುಮ್ಮನೆ ಮಲಗಿದಾಗ ಒಂದು ಸಣ್ಣ ಸದ್ದು ಇದೆಯೇನೋ ಅನಿಸಿತು. ಫ್ಯಾನಿನದ್ದೋ ಕಿವಿಯದ್ದೋ ಗೊತ್ತಾಗಲಿಲ್ಲ. ಫ್ಯಾನ್ ಆಫ್ ಮಾಡಿ ನೋಡಿದೆ. ಫ್ಯಾನಿನದ್ದು! ಆದರೂ ಇಯರ್‌ಪ್ಲಗ್ ಬಗ್ಗೆ ಹೇಳಿ. ಹಾಕಿಕೊಂಡರೆ ಹಾಡು ನೀರಿನೊಳಗೆ ಕೇಳಿದ ಹಾಗೆ ಇರುತ್ತದಲ್ವಾ?

ಗುಂಯ್‌ಕಿವಿ:

ಫ್ಯಾನಿನದ್ದು ಅಂತ ಓದಿ ನನಗೇ ಜೀವ ಬಂತಮ್ಮಾ.

ನೀರಿನೊಳಗಿನ ಹಾಗೆ ಕೇಳುವುದು ಸ್ಪಂಜಿನ ಥರದ ಅಗ್ಗದ ಪ್ಲಗ್‌ನಲ್ಲಿ. ಅದು ತಾರಕದ ಸದ್ದನ್ನು ಜಾಸ್ತಿ ತಡೆಯುತ್ತದೆ, ಮಂದ್ರವನ್ನು ಕಮ್ಮಿ. ಅದಕ್ಕೇ ಎಲ್ಲ ಮಸುಕು. ಸಂಗೀತಗಾರರು ಹಾಕುವ ಥರದ್ದು ಬೇರೆ ಇದೆ. ಅದರೊಳಗೆ ಒಂದು ಸಣ್ಣ ಶೋಧಕ ಇರುತ್ತದೆ. ಎಲ್ಲವನ್ನೂ ಹೆಚ್ಚುಕಮ್ಮಿ ಒಂದೇ ಸಮ ತಗ್ಗಿಸುತ್ತದೆ. ವಾಲ್ಯೂಮ್ ಗುಂಡಿ ತಿರುಗಿಸಿದ ಹಾಗೆ. ಹಾಡು ಹಾಡಿನ ಹಾಗೇ ಇರುತ್ತದೆ.

ಸ್ಪಂಜಿನದ್ದೇ ಸಿಕ್ಕರೂ ಪರವಾಗಿಲ್ಲ, ಹಾಕುವುದು ಸರಿ ಇರಬೇಕು. ಹೆಚ್ಚಿನವರು ಕಿವಿಯ ಬಾಗಿಲಲ್ಲಿ ಸಿಕ್ಕಿಸಿ ಬಿಡುತ್ತಾರೆ. ಅದು ತೋರಿಕೆಗೆ ಅಷ್ಟೇ. ಬೆರಳಲ್ಲಿ ತೆಳ್ಳಗೆ ಹೊಸೆಯಬೇಕು. ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆಯಬೇಕು. ಒಳಗೆ ತೂರಿಸಿ ಅರ್ಧ ನಿಮಿಷ ಬೆರಳಲ್ಲಿ ಒತ್ತಿ ಹಿಡಿಯಬೇಕು. ಅದು ಊದಿಕೊಂಡು ಕೂರುತ್ತದೆ. ನಿಮ್ಮ ಮಾತು ನಿಮಗೇ ಡಬ್ಬದೊಳಗಿಂದ ಬಂದ ಹಾಗೆ ಕೇಳಿದರೆ ಸರಿಯಾಗಿದೆ ಅಂತ.

ಅಷ್ಟಾದ ಮೇಲೆ ಕಂಬಿ ಬಿಡಬೇಡಿ. ಸ್ಪೀಕರ್‌ನಿಂದ ಮಾತ್ರ ದೂರ ನಿಲ್ಲಿ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಕಾರ್ಯಕ್ರಮಗಳಲ್ಲಿ 15 ನಿಮಿಷದ ಸರಾಸರಿ ಸದ್ದು 100 ಡೆಸಿಬಲ್ ದಾಟಬಾರದು, ಜನರಿಗೆ ಪ್ಲಗ್ ಸಿಗಬೇಕು, ಸದ್ದಿಲ್ಲದ ಒಂದು ಜಾಗ ಇರಬೇಕು ಅಂತ ಮಾನದಂಡ ಮಾಡಿದೆ. ನಮ್ಮ ಕಾಲದಲ್ಲಿ ಪೈಪೋಟಿ ಇದ್ದದ್ದು ಯಾರು ಜೋರು ಅಂತ. 1976ರಲ್ಲಿ ಲಂಡನ್ನಿನ ಚಾರ್ಲ್ಟನ್ ಮೈದಾನದಲ್ಲಿ ದಿ ಹೂ ಬ್ಯಾಂಡಿನ ಸದ್ದು 32 ಮೀಟರ್ ದೂರದಲ್ಲಿ 126 ಡೆಸಿಬಲ್ ಬಂತು ಅಂತ ಗಿನ್ನೆಸ್‌ನಲ್ಲಿ ದಾಖಲಾಯಿತು. ಆಮೇಲೆ ಕಿವಿ ಹಾಳು ಮಾಡುವುದಕ್ಕೆ ಕುಮ್ಮಕ್ಕು ಬೇಡ ಅಂತ ಗಿನ್ನೆಸ್‌ನವರು ಆ ದಾಖಲೆಯನ್ನೇ ಕೈಬಿಟ್ಟರು. ಆ ಬ್ಯಾಂಡಿನ ಗಿಟಾರಿಸ್ಟ್ ಪೀಟ್ ಟೌನ್‌ಶೆಂಡ್ ತಮ್ಮ ಕಿವಿ ಕೆಟ್ಟಿರುವುದನ್ನು ಬಾಯಿಬಿಟ್ಟು ಹೇಳಿಕೊಂಡಿದ್ದಾರೆ.

"ನಮ್ಮ ಕಾಲದಲ್ಲಿ" ಅಂದುಬಿಟ್ಟೆ. ಇನಿಂಗ್ಸ್ ಸಾಹೇಬರ ಮಗಳು ಕ್ಷಮಿಸಲಿ.

ಒಂಟಿ ಟಿಕೆಟ್:

ಇಷ್ಟು ದಿನ ಸುಮ್ಮನೆ ಓದುತ್ತಿದ್ದೆ. ಮೈಕ್ ತಿರುಗಿಸುವ ವಿಷಯ ಬಂದದ್ದಕ್ಕೆ ಬರೆಯುತ್ತಿದ್ದೇನೆ. ನನಗೆ 68.

ನಾನು, ನಮ್ಮೆಜಮಾನರು ಮದುವೆಗೆ ಮುಂಚೆಯಿಂದಲೂ ಶೋಗಳಿಗೆ ಜೊತೆಯಲ್ಲೇ ಹೋಗುತ್ತಿದ್ದೆವು. ಅವರಿಗೆ ಒಂದು ಚಾಳಿ. ಇಷ್ಟದ ಹಾಡು ಬಂದರೆ ಹಾಡುತ್ತಿರಲಿಲ್ಲ, ಕುಣಿಯುತ್ತಿರಲಿಲ್ಲ. ನನ್ನ ಬೆರಳು ಹಿಡಿದು ತಾಳ ಹಾಕುತ್ತಿದ್ದರು. ಯಾವಾಗಲೂ ತಪ್ಪು ತಾಳ. ಮೂರು ವರ್ಷದ ಹಿಂದೆ ಒಂದು ಶೋಗೆ ಎರಡು ಟಿಕೆಟ್ ತಗೊಂಡಿದ್ದರು. ಶೋ ಐದು ತಿಂಗಳು ಮುಂದಿತ್ತು. ಅವರು ಎರಡು ತಿಂಗಳಿಗೇ ಹೋಗಿಬಿಟ್ಟರು.

ಇನ್ನೊಂದು ಟಿಕೆಟ್ ಯಾರಿಗಾದರೂ ಕೊಡಿ ಅಂದರು ಎಲ್ಲರೂ. ಕೊಡಲಿಲ್ಲ. ಪಕ್ಕದ ಕುರ್ಚಿಯ ಮೇಲೆ ನನ್ನ ಶಾಲು ಇಟ್ಟು ಕೂತೆ. ಗಾಯಕರೂ ನಮ್ಮದೇ ವಯಸ್ಸಿನವರು. ಧ್ವನಿ ಸವೆದಿತ್ತು. ಹಾಡುಗಳನ್ನು ಕೆಳಗಿಳಿಸಿದ್ದರು, ನಡೆಯೂ ನಿಧಾನ. ಮೊದಲ ಎರಡು ಹಾಡು ನನಗೆ ಸಿಟ್ಟು ಬಂತು. ಇವರೂ ಮೋಸ ಮಾಡಿದರಲ್ಲ ಅಂತ. ಮೂರನೆಯದಕ್ಕೆ ಕಿವಿ ಹೊಂದಿಕೊಂಡಿತು. ಆ ನಿಧಾನದಲ್ಲಿ ಒಂದೊಂದು ಮಾತೂ ಬಿಡಿಬಿಡಿಯಾಗಿ ಕೇಳುತ್ತಿತ್ತು. ಮೂವತ್ತು ವರ್ಷ ನಾನು ಹಾಡಿಕೊಂಡ ಒಂದು ಸಾಲಿನಲ್ಲಿ ಒಂದು ಪದ ತಪ್ಪು ಅಂತ ಆವತ್ತು ಗೊತ್ತಾಯಿತು.

ಆಮೇಲೆ ಅವರು ಮೈಕ್ ತಿರುಗಿಸಿದರು. ಅವರಿಗೆ ಎಟುಕುವುದಿಲ್ಲ ಅಂತ ನೋಡಿದರೇ ತಿಳಿಯುತ್ತಿತ್ತು. ಕೈ ಸ್ವಲ್ಪ ನಡುಗುತ್ತಿತ್ತು. ನನಗೂ ಎಟುಕುವುದಿಲ್ಲ. ಸುತ್ತ ಇದ್ದವರಿಗೂ ಅಷ್ಟಕ್ಕಷ್ಟೇ. ಎಲ್ಲರೂ ಸೇರಿ ಅಷ್ಟು ದೂರ ಹೋದೆವು. ಶ್ರುತಿ ಇರಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಒಬ್ಬ ಹುಡುಗ, ಇಪ್ಪತ್ತರ ಒಳಗಿನವನೇ ಇರಬೇಕು, ನಿಜವಾದ ಸ್ವರ ಹಿಡಿದ. ನಾವೆಲ್ಲ ಅವನ ಮೇಲೆ ಒರಗಿಕೊಂಡೆವು.

ಗಾಯಕ ಲೆನರ್ಡ್ ಕೊಹೆನ್ 15 ವರ್ಷ ಬಿಟ್ಟು 2008ರಲ್ಲಿ ಮತ್ತೆ ಪ್ರವಾಸ ಹೊರಟಾಗ 73 ವರ್ಷ. 79ನೇ ವಯಸ್ಸಿನವರೆಗೂ ಶೋಗಳಲ್ಲಿ ಹಾಡಿದರು. ಮೂರು ಗಂಟೆಯ ಶೋ ಮಾಡಿ, ಸ್ಟೇಜಿನಿಂದ ಹುಡುಗನ ಹಾಗೆ ಕುಪ್ಪಳಿಸುತ್ತಾ ಒಳಗೆ ಹೋಗುತ್ತಿದ್ದರು. ರವಿಶಂಕರ್ ಕೊನೆಯ ಕಛೇರಿ ಕೊಟ್ಟದ್ದು 92ನೇ ವಯಸ್ಸಿನಲ್ಲಿ, 2012ರ ನವೆಂಬರ್‌ನಲ್ಲಿ. ಆ ವಯಸ್ಸಿನಲ್ಲೂ ಅವರು ಸ್ಟೇಜಿಗೆ ಬಂದರು, ನಾನು ಕೂತಿರುವುದಕ್ಕೆ ಏನು ಕಷ್ಟ ಅಂತ ಈಗ ಹೋಗುತ್ತೇನೆ. ಒಂದೇ ಟಿಕೆಟ್ ತಗೊಳ್ಳುತ್ತೇನೆ. ಶಾಲು ತೊಡೆಯ ಮೇಲೆ ಇಟ್ಟುಕೊಳ್ಳುತ್ತೇನೆ.

ಪುಟ್ಟೀ, ನೀನು ಕುಣಿ. ನನ್ನ ಮುಂದೆ ನಿಂತರೆ ನಾನು ಬೆನ್ನು ತಟ್ಟಲ್ಲ.

ರೇಲಿಂಗ್ ರಾಣಿ:

ಅಮ್ಮಾ.

ಏನು ಬರೆಯಬೇಕು ಅಂತ ಗೊತ್ತಾಗುತ್ತಿಲ್ಲ. ಯಾವತ್ತಾದರೂ ಒಂದೇ ಶೋಗೆ ಬಂದರೆ ಹೇಳಿ. ಕಂಬಿ ಬಿಟ್ಟು ಹಿಂದೆ ಬರುತ್ತೇನೆ. ತಾಳ ನನಗೂ ಸರಿ ಬರಲ್ಲ.

ಮಿಕ್ಸರ್ ಮನುಷ್ಯ:

ಆ ಹುಡುಗನ ಬಗ್ಗೆ ಒಂದು ಮಾತು. ನಾವು ಸ್ಟೇಜಿನ ಅಂಚಿನಲ್ಲಿ ಜನರ ಕಡೆಗೂ ಒಂದೆರಡು ಮೈಕ್ ಇಟ್ಟಿರುತ್ತೇವೆ. ಗಾಯಕರು ಕಿವಿಯೊಳಗೆ ಹಾಕಿಕೊಳ್ಳುವ ಪುಟ್ಟ ಸ್ಪೀಕರ್‌ಗೆ ಜನರ ಸದ್ದು ಕಳಿಸಲು. ಇಲ್ಲದಿದ್ದರೆ ಅವರಿಗೆ ಖಾಲಿ ಕೋಣೆಯಲ್ಲಿ ಹಾಡಿದ ಹಾಗಾಗುತ್ತದೆ. ಮೈಕ್ ತಿರುಗಿದಾಗ ಅದನ್ನು ಸ್ವಲ್ಪ ಮೇಲಕ್ಕೆ ಎತ್ತುವುದು ನಮ್ಮ ಅಭ್ಯಾಸ. ಯಾರಾದರೂ ಒಬ್ಬರು ಸ್ವರ ಹಿಡಿದರೆ ಗಾಯಕರಿಗೆ ಕೇಳುವ ಸಾಧ್ಯತೆ ಇರುತ್ತದೆ.

ಹನ್ನೊಂದನೇ ಸಾಲು:

ಮೂರು ವಾರ ಬಿಟ್ಟು ಬರೆಯುತ್ತಿದ್ದೇನೆ. ಇನಿಂಗ್ಸ್ ಅಣ್ಣನ ಬೈಗುಳ ತಲೆಯಲ್ಲೇ ಇತ್ತು. ನಿನ್ನೆ ಒಂದು ಸಣ್ಣ ಹಾಲ್‌ಗೆ ಹೋದೆ. ಹೆಸರೇ ಕೇಳದ ಬ್ಯಾಂಡು. ನಾಲ್ಕು ಜನ, ಯಾರಿಗೂ ಇಪ್ಪತ್ತೈದು ದಾಟಿರಲಿಲ್ಲ. ಕೇಳುವವರು ಐವತ್ತು ಅರವತ್ತು ಇದ್ದೆವು. ಗುಂಯ್‌ಕಿವಿ ಸರ್ ಹೇಳಿದ ಹಾಗೆ ಕಿವಿ ಮೇಲಕ್ಕೆ ಹಿಂದಕ್ಕೆ ಎಳೆದು ಪ್ಲಗ್ ಹಾಕಿಕೊಂಡೆ. ಮಿಕ್ಸರ್ ಮೇಜಿನ ಹಿಂದೆ ಹೋಗಿ ನಿಂತರೆ ಅಲ್ಲಿ ಆಗಲೇ ನನ್ನಂಥ ಮೂವರು ಕೈಕಟ್ಟಿ ನಿಂತಿದ್ದರು. ಒಬ್ಬರು ನನ್ನನ್ನು ನೋಡಿ ಜಾಗ ಬಿಟ್ಟರು. ಏನೋ ಸಂಘಕ್ಕೆ ಸೇರಿಕೊಂಡ ಹಾಗಾಯಿತು.

ಮೊದಲ ಹಾಡು ಅರ್ಥ ಆಗಲಿಲ್ಲ. ಎರಡು ಮೂರು ಹಾಡು ಸಾಧಾರಣ. ಒಂದು ಹಾಡಿನಲ್ಲಿ ಗಿಟಾರಿನ ತಂತಿ ಕಡಿಯಿತು. ಅವನು ಹೊಸ ತಂತಿ ಹಾಕುವವರೆಗೂ ಹಾಡುವ ಹುಡುಗಿ ಏನು ಮಾತಾಡಬೇಕು ಅಂತ ತಿಳಿಯದೆ ಚಪ್ಪಲಿಯ ತುದಿ ನೋಡುತ್ತಾ ನಿಂತಳು. ಅವನು ಕಿರುಗುಟ್ಟಿಸುತ್ತಾ ತಂತಿ ಬಿಗಿ ಮಾಡುತ್ತಿದ್ದ. ಇನ್ನೂ ಸರಿಯಾಗಿಲ್ಲ, ಇನ್ನೂ ಸರಿಯಾಗಿಲ್ಲ. ಆಮೇಲೆ ಕೂತಿತು. ಶ್ರೋತೃ ಸರ್, ಚಪ್ಪಾಳೆ ಹೊಡೆದೆ. ಎಲ್ಲರೂ ಹೊಡೆದರು.

ಐವತ್ತು ನಿಮಿಷಕ್ಕೆ ಮುಗಿಯಿತು. ಒಳಗೆ ಹೋಗಲು ಅವರಿಗೆ ಒಳಗೇ ಇರಲಿಲ್ಲ, ಹಿಂದೆ ಗೋಡೆ. ಜನ ಒನ್ಸ್ ಮೋರ್ ಅಂದರು. ನಾಲ್ಕೂ ಜನ ತಲೆ ಸೇರಿಸಿ ಪಿಸುಗುಟ್ಟಿದರು. ಹುಡುಗಿ ಮೈಕ್ ಹತ್ತಿರ ಬಂದು, ನಮ್ಮ ಹತ್ತಿರ ಇರುವುದು ಇಷ್ಟೇ ಹಾಡು, ಇನ್ನಿಲ್ಲ ಅಂದಳು. ಜನ ಬಿಡಲಿಲ್ಲ. ಆಗ ಮೊದಲನೇ ಹಾಡನ್ನೇ ಮತ್ತೆ ಶುರು ಮಾಡಿದರು. ಮೊದಲಿಗಿಂತ ಜೋರಾಗಿ ಓಡಿಸಿದರು.

ಎರಡನೇ ಸಾಲು ಬರುವಷ್ಟರಲ್ಲಿ ನನಗೆ ಅದು ಬಾಯಿಗೆ ಬಂದಿತ್ತು.

ಗುಂಯ್‌ಕಿವಿ:

ಎಲ್ಲ ಸರಿ ಸರ್. ಕಾರು ಎಲ್ಲಿ ನಿಲ್ಲಿಸಿದ್ದಿರಿ?

ಹನ್ನೊಂದನೇ ಸಾಲು:

ಗೇಟಿನ ಪಕ್ಕ. ಮುಖ ರಸ್ತೆ ಕಡೆಗೆ.